ಆ ಸಾಲನ್ನು ಯಾಕಪ್ಪ ಹೊಡೆದು ಹಾಕಿದೆ?

ಚಿತ್ರದುರ್ಗ
ಭಾನುವಾರ

ಪ್ರೀತಿಯ ತಮ್ಮ,

ದಾವಣಗೆರೆಯಿಂದ ನೀನು ಕಳಿಸಿದ ಲೇಖನ ಬಂತು. ಜೊತೆಗೆ ಚೀಟಿಯೂ. "ಮೂರು ಕಡೆಯಿಂದ ವಾಪಸ್ ಬಂದಿದೆ ಮೇಡಂ, ಇನ್ನು ಬರೆಯೋದು ಬಿಟ್ಟುಬಿಡ್ತೀನಿ" ಅಂತ ಬರೆದಿದ್ದೀಯ. ಬಿಡೋದಾದರೆ ಬಿಡು. ಆದರೆ ಲೇಖನಕ್ಕಿಂತ ಆ ಚೀಟಿಯೇ ಚೆನ್ನಾಗಿದೆ. ಅದೇ ನನಗೆ ಕಿರಿಕಿರಿ.

ಹೆಸರು ಹೇಗಿಡಬೇಕು, ಎಷ್ಟು ಪುಟ ಇರಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳುತ್ತಾರೆ.

ಅಮ್ಮನ ಜೊತೆ ಬಳ್ಳಾರಿಗೆ ಹೋಗಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ, ಆದಿಮಾನವರ ಕಾಲದ ಕಲ್ಲಿನ ಸಾಮಾನುಗಳಿರುವ ಮ್ಯೂಸಿಯಂ ನೋಡಿದ್ದೀಯ. ಸಂತೋಷ. ಆದರೆ ನಾಲ್ಕು ಪುಟದಲ್ಲಿ ಆರು ಸಲ ಮೈ ಜುಮ್ಮೆಂದಿದೆ, ಎಣಿಸಿದೆ. ನಿಜವಾಗಲೂ ಜುಮ್ಮೆಂದಿತಾ? ನಾನಂತೂ ನಂಬಲ್ಲ. ಎರಡನೇ ಪುಟದ ಕೊನೆಗೆ ಒಂದು ಸಾಲಿನ ಮೇಲೆ ಗೀಚಿ ಗೀಚಿ ಹೊಡೆದು ಹಾಕಿದ್ದೀಯ. ಹಾಳೆಯನ್ನು ಕಿಟಕಿಗೆ ಹಿಡಿದು ಓದಿದೆ. "ಅರೆಯುವ ಕಲ್ಲನ್ನು ನೋಡಿ ಅಮ್ಮ, ನಮ್ಮಜ್ಜಿ ಖಾರ ಅರೀತಿದ್ದ ಕಲ್ಲೂ ಹೀಗೇ ನಡುವೆ ಸವೆದಿತ್ತು ಅಂದಳು." ಯಾಕಪ್ಪ ಹೊಡೆದೆ? ಇದು ಸಾಹಿತ್ಯ ಅಲ್ಲ ಅಂತಲಾ?

ಫೂಟ್‌ನನ್ನು 'ಮಹಾನ್ ಚೇತನ' ಅಂದು ಮುಗಿಸಿದ್ದೀಯ. ಆತ ಕಲ್ಲು ನೋಡುತ್ತಾ ತಿರುಗಿದ ಭೂವಿಜ್ಞಾನಿ. 1863ರ ಮೇ 30ರಂದು ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ, ಜಲ್ಲಿ ತೆಗೆದ ಗುಂಡಿಯಲ್ಲಿ ಒಂದು ಕಲ್ಲು ಸಿಕ್ಕಿತು. ಬೇರೆಯವರ ಕಣ್ಣಿಗೆ ಅದೂ ಜಲ್ಲಿಯೇ. ಆತನಿಗೆ ಮನುಷ್ಯ ಕೆತ್ತಿದ ಕೈಗೊಡಲಿ ಕಂಡಿತು. ಬಳ್ಳಾರಿ ಸೀಮೆಯ ಬೂದಿದಿಬ್ಬಗಳನ್ನು ಜನ ರಾಕ್ಷಸನನ್ನು ಸುಟ್ಟ ಬೂದಿ ಅನ್ನುತ್ತಿದ್ದರು. ಫೂಟ್ ಅದನ್ನು ಸಗಣಿ ಸುಟ್ಟ ಬೂದಿ ಅಂದ. ಎಷ್ಟು ಸಪ್ಪೆ ಅಲ್ವಾ, ರಾಕ್ಷಸನ ಮುಂದೆ ಸಗಣಿ! ಆತ ತೀರಿಕೊಂಡದ್ದು 1912ರಲ್ಲಿ. ಆಮೇಲೆ ಸುಮಾರು 45 ವರ್ಷಕ್ಕೆ, ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದ್ದೇ ದಿಬ್ಬ ಅಗೆದಾಗ ದನದ ಗೊರಸಿನ ಗುರುತುಗಳೇ ಸಿಕ್ಕವು.

ನಾನು ಹೀಗೆ ಗದರೋದಕ್ಕೆ ಕಾರಣ ಇದೆ. ನಿನ್ನ ವಯಸ್ಸಲ್ಲಿ ಚಂದ್ರವಳ್ಳಿಯ ಗುಹೆ ಬಗ್ಗೆ ಬರೆದಿದ್ದೆ. 'ಕತ್ತಲು ನನ್ನನ್ನು ನುಂಗಿತು' ಅಂತ ಶುರು. ನುಂಗಿರಲಿಲ್ಲ. ಬಾವಲಿ ವಾಸನೆಗೆ ಹೆದರಿ ಬಾಗಿಲಿಂದಲೇ ವಾಪಸ್ ಬಂದಿದ್ದೆ. ಲೇಖನ ಅಚ್ಚಾಯಿತು, ಹೊಗಳಿ ಕಾಗದಗಳೂ ಬಂದವು. ಹಿರಿಯರೊಬ್ಬರು ಮಾತ್ರ ಸಂತೆಪೇಟೆಯಲ್ಲಿ ನಿಲ್ಲಿಸಿ, "ಒಳಗೆ ಇಳಿಯೋವಾಗ ತಲೆ ಎಲ್ಲಿ ಬಗ್ಗಿಸಿದೆಯಮ್ಮ?" ಅಂತ ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ. ಮುಂದೆ ಎಷ್ಟೋ ವರ್ಷ ಅವರು ಎದುರಿಗೆ ಬಂದರೆ ನಾನು ರಸ್ತೆ ದಾಟಿಬಿಡುತ್ತಿದ್ದೆ. ಸುಮ್ನೆ ಬಾವಲಿ ವಾಸನೆ ಬರೆದಿದ್ದರೆ ಸಾಕಿತ್ತು.

ಈಗ ಒಂದು ಕೆಲಸ ಮಾಡು. ಅಜ್ಜಿಯ ಆ ಕಲ್ಲು ಎಲ್ಲಿದೆ ಅಂತ ಅಮ್ಮನನ್ನು ಕೇಳು. ಹಿತ್ತಲಲ್ಲಿ ಬಿದ್ದಿದೆಯೋ, ಮಿಕ್ಸಿ ಬಂದ ವರ್ಷ ಯಾರಿಗಾದರೂ ಕೊಟ್ಟರೋ. ಕೇಳಿಕೊಂಡು ಮೊದಲಿಂದ ಬರೆದು ಕಳಿಸು. ಇನ್ನು ಮೇಲೆ ಹೊಡೆದು ಹಾಕುವ ಸಾಲಿನ ಮೇಲೆ ಒಂದೇ ಗೆರೆ ಎಳಿ. ಕಿಟಕಿಗೆ ಹಿಡಿದು ಓದೋಕೆ ನನ್ನ ಕಣ್ಣು ಸಾಲದು.

ನಿನ್ನ,
ಮೇಡಂ