ಹಡಗು ನಿಂತ ಊರಲ್ಲಿ ಸುಮ್ನೆ ಓಡಾಡೋಕೂ ಹೇಳಿಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಪ್ರವಾಸ ಪುರವಣಿ ನಾನು ತಪ್ಪಿಸದೇ ಓದ್ತೀನಿ. ಈಚೆಗೆ ಅಲಾಸ್ಕಾ ಕ್ರೂಸ್ ಬಗ್ಗೆ ಬಂದ ಲೇಖನದಲ್ಲಿ ಸ್ಕ್ಯಾಗ್ವೇ ಅನ್ನೋ ಪುಟ್ಟ ಬಂದರಿಗೆ ಸಿಕ್ಕಿದ್ದು ಎರಡೇ ಸಾಲು, ರೈಲು ಹತ್ತಿ ಬೆಟ್ಟ ನೋಡಿ ವಾಪಸ್ ಹಡಗು ಸೇರ್ಕೊಳ್ಳಿ ಅಂತ. ಓದಿ ಮನಸ್ಸಿಗೆ ಬೇಜಾರಾಯ್ತು. ಹೋದ ಜೂನ್‌ನಲ್ಲಿ ಅಮ್ಮನ್ನ ಕರ್ಕೊಂಡು ಅದೇ ಊರಲ್ಲಿ ಏನೂ ಬುಕ್ ಮಾಡ್ದೆ ಒಂದು ಇಡೀ ದಿನ ಕಳೆದೆ, ಅಷ್ಟು ದಿನದ ಟ್ರಿಪ್‌ನಲ್ಲಿ ಅಮ್ಮ ಇವತ್ತಿಗೂ ನೆನೆಸ್ಕೊಳ್ಳೋದು ಆ ದಿನಾನೇ.

ಅದಕ್ಕೂ ಹಿಂದಿನ ದಿನ ಇನ್ನೊಂದು ಬಂದರಲ್ಲಿ ಬಸ್ ಟೂರ್ ತಗೊಂಡಿದ್ವಿ. ಇಳಿ, ಹತ್ತು, ಮತ್ತೆ ಇಳಿ. ಅಮ್ಮಂಗೆ ಮಂಡಿ ನೋವು, ಮೆಟ್ಟಿಲು ಇಳಿದು ಫೋಟೋ ತೆಗೆಯೋ ಜಾಗ ಮುಟ್ಟೋ ಹೊತ್ತಿಗೆ ಗೈಡ್ ಎಲ್ರನ್ನೂ ವಾಪಸ್ ಕರೀತಿದ್ದ. ರಾತ್ರಿ ಅಮ್ಮ "ನಾಳೆ ನನ್ನನ್ನ ಎಲ್ಲಿಗೂ ಓಡಿಸ್ಬೇಡ ಕಣೋ, ಎಲ್ಲಾದ್ರೂ ಒಂದ್ಕಡೆ ಕೂತಿರ್ತೀನಿ" ಅಂದ್ರು.

ಸ್ಕ್ಯಾಗ್ವೇ ಇರೋದು ಲಿನ್ ಕೆನಾಲ್ ಅನ್ನೋ ಉದ್ದನೆ ಕಡಲ ತೋಳಿನ ತುತ್ತತುದೀಲಿ, ಮೂರು ಕಡೆ ಬೆಟ್ಟ, ಸದಾ ಗಾಳಿ. 2020ರ ಜನಗಣತಿ ಪ್ರಕಾರ ಊರಲ್ಲಿ ಇರೋದು 1,240 ಜನ, ಬೇಸಿಗೇಲಿ ಒಂದೇ ದಿನಕ್ಕೆ ಮೂರು ನಾಲ್ಕು ದೊಡ್ಡ ಹಡಗು ಬಂದು ನಿಲ್ಲುತ್ತೆ ಅಂದ್ರೆ ಆ ಬೀದಿ ಹೇಗಿರ್ಬೇಡ ಯೋಚ್ನೆ ಮಾಡಿ. ನಾವು ಎಲ್ರ ಜೊತೆ ನುಗ್ಗದೆ ಒಂದು ಗಂಟೆ ತಡವಾಗಿ ಇಳಿದ್ವಿ, ಅಷ್ಟರಲ್ಲಿ ರೈಲಿನವರು ರೈಲಿಗೆ, ಬಸ್ಸಿನವರು ಬಸ್ಸಿಗೆ ಹೋಗಿ ದಾರಿ ಖಾಲಿಯಾಗಿತ್ತು.

ಬ್ರಾಡ್‌ವೇ ಅಂತ ಒಂದೇ ಮುಖ್ಯ ಬೀದಿ, ಪಕ್ಕದಲ್ಲಿ ಮರದ ಹಲಗೆ ಹಾಸಿದ ಫುಟ್‌ಪಾತ್, ನಡೆದ್ರೆ ಕಾಲ ಕೆಳಗೆ ಟೊಕ್ ಟೊಕ್ ಅಂತ ಸದ್ದು. ಹಳೇ ರೈಲ್ವೆ ಸ್ಟೇಷನ್ ಕಟ್ಟಡದಲ್ಲೇ ಕ್ಲಾಂಡೈಕ್ ಗೋಲ್ಡ್ ರಷ್ ರಾಷ್ಟ್ರೀಯ ಉದ್ಯಾನದ ಮಾಹಿತಿ ಕೇಂದ್ರ ಇದೆ, ದುಡ್ಡು ಕೊಡ್ಬೇಕಾಗಿಲ್ಲ, ಸಿನಿಮಾನೂ ತೋರಿಸ್ತಾರೆ. 1897-98ರಲ್ಲಿ ಕೆನಡಾದ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಗುತ್ತೆ ಅನ್ನೋ ಆಸೆಗೆ ಬಂದವರು ಇಲ್ಲಿಂದಾನೇ ಬೆಟ್ಟ ಹತ್ತಿದ್ದು, ಒಂದು ವರ್ಷಕ್ಕೆ ಆಗೋಷ್ಟು ಸಾಮಾನು, ಅಂದ್ರೆ ಹತ್ತಿರ ಹತ್ತಿರ ಒಂದು ಟನ್, ಇಲ್ದೆ ಕೆನಡಾ ಪೊಲೀಸರು ಗಡಿ ದಾಟೋಕೆ ಬಿಡ್ತಿರ್ಲಿಲ್ವಂತೆ. ಅದನ್ನ ಸ್ವಲ್ಪ ಸ್ವಲ್ಪ ಹೊತ್ತು ಹಾಕಿ ಬಂದು ಮತ್ತೆ ಹೊತ್ತು, ಹೀಗೆ ಎಷ್ಟೋ ಸಲ. ವೈಟ್ ಪಾಸ್ ಅನ್ನೋ ಆ ಬೆಟ್ಟದ ಕಣಿವೆ ದಾರೀಲಿ ಸತ್ತ ಕುದುರೆಗಳೇ ಸುಮಾರು 3,000. ಅದನ್ನ ಕೇಳಿ ಅಮ್ಮ ತುಂಬ ಹೊತ್ತು ಮಾತೇ ಆಡ್ಲಿಲ್ಲ.

ಆಮೇಲೆ ಆರ್ಕ್ಟಿಕ್ ಬ್ರದರ್‌ಹುಡ್ ಹಾಲ್, ಚಿನ್ನ ಹುಡುಕೋಕೆ ಬಂದವರ ಸಂಘದ ಹಳೇ ಕಟ್ಟಡ. ಅದರ ಎದುರು ನಾವು ಅರ್ಧ ಗಂಟೆ ಇದ್ವಿ. ಮುಂದಿನ ಗೋಡೆ ಪೂರ್ತಿ ಸಮುದ್ರ ದಡಕ್ಕೆ ತೇಲಿ ಬಂದ ಕಡ್ಡಿಗಳು, 8,000ಕ್ಕೂ ಹೆಚ್ಚು, ಒಂದೊಂದನ್ನೂ ಮೊಳೆ ಹೊಡೆದು ಚೌಕ ಚೌಕವಾಗಿ ಜೋಡಿಸಿದಾರೆ, ಒಂದು ಚೌಕದಲ್ಲಿ ಅಡ್ಡ ಇದ್ರೆ ಪಕ್ಕದ್ದರಲ್ಲಿ ಉದ್ದ, ದೂರದಿಂದ ನೋಡಿದ್ರೆ ಬುಟ್ಟಿ ಹೆಣೆದ ಹಾಗೆ. ಹತ್ರ ಹೋದ್ರೆ ಒಂದು ಕಡ್ಡಿ ಇದ್ದ ಹಾಗೆ ಇನ್ನೊಂದಿಲ್ಲ, ಕೆಲವು ಡೊಂಕು, ಕೆಲವಕ್ಕೆ ಗಂಟು. ಅಮ್ಮ ಮೇಲಿನ ಸಾಲಿಂದ ಎಣಿಸೋಕೆ ಶುರು ಮಾಡಿ, ತಪ್ಪಿ, ಮತ್ತೆ ಶುರು ಮಾಡಿದ್ರು. ಬಸ್ಸಿನಲ್ಲಿ ಬಂದಿದ್ರೆ ಇದೆಲ್ಲ ಆಗ್ತಿತ್ತಾ ಹೇಳಿ?

ಊರಾಚೆಯ ಗೋಲ್ಡ್ ರಷ್ ಸ್ಮಶಾನಕ್ಕೂ ಹೋದ್ವಿ. 1898ರ ಜುಲೈ 8ಕ್ಕೆ ಗುಂಡೇಟಿಗೆ ಸತ್ತ ಸೋಪಿ ಸ್ಮಿತ್ ಅನ್ನೋ ವಂಚಕ, ಅವನ ಎದುರು ನಿಂತು ಗಾಯ ಆಗಿ 12 ದಿನ ಬಿಟ್ಟು ತೀರಿಕೊಂಡ ಫ್ರಾಂಕ್ ರೀಡ್, ಇಬ್ರೂ ಅಲ್ಲೇ ಇದಾರೆ. ಜನ ಫೋಟೋ ತೆಗೆಯೋದು ಅವರದ್ದೇ, ಆದ್ರೆ ನಮ್ಮನ್ನ ತಡೆದು ನಿಲ್ಲಿಸಿದ್ದು ಸುತ್ತ ಮರದಡಿ ಇರೋ ಹಲಗೆ ಗುರುತುಗಳು. ಚಿನ್ನ ಹುಡ್ಕೊಂಡು ಬಂದು ಇಲ್ಲೇ ಉಳಿದ್ಹೋದ ಹುಡುಗರು.

ರೈಲು ಚೆನ್ನಾಗಿಲ್ಲ ಅಂತ ನಾನು ಹೇಳ್ತಿಲ್ಲ ಸಾರ್, 1900ರಲ್ಲಿ ಕೆಲಸ ಮುಗಿದ ಆ ನ್ಯಾರೋಗೇಜ್ ಲೈನ್ 32 ಕಿಲೋಮೀಟರ್‌ನಲ್ಲಿ 870 ಮೀಟರ್ ಮೇಲಕ್ಕೆ ಹತ್ತುತ್ತೆ, ಆಗೋರು ಖಂಡಿತ ಹೋಗ್ಬೇಕು. ಆದ್ರೆ ಕ್ರೂಸ್‌ಗೆ ಹೋಗೋರಲ್ಲಿ ವಯಸ್ಸಾದವರೇ ಜಾಸ್ತಿ, ಅವರಿಗೆ ಬೇಕಾಗಿರೋ ವಿಷಯ ನಿಮ್ಮ ಪಟ್ಟಿಗಳಲ್ಲಿ ಬರೋದೇ ಇಲ್ಲ. ಹಡಗಿಂದ ಪೇಟೆಗೆ ನಡೆಯೋ ದೂರ ಎಷ್ಟು, ಕೂರೋಕೆ ಬೆಂಚ್ ಎಲ್ಲಿದೆ, ಟಾಯ್ಲೆಟ್ ಎಲ್ಲಿ. ಸ್ವಂತವಾಗಿ ಸುತ್ತೋಕೆ ಹೋದವರು ತಡ ಮಾಡಿದ್ರೆ ಹಡಗು ಕಾಯಲ್ಲ, ಅದಕ್ಕೆ ವಾಪಸ್ ಹತ್ತೋ ಕೊನೇ ಟೈಮನ್ನ ಹಡಗಿನ ಗಡಿಯಾರದ ಪ್ರಕಾರವೇ ನೋಡ್ಕೋಬೇಕು ಅಂತಾನೂ ಬರೀರಿ. ಅಲಾಸ್ಕಾ ಟೈಮ್, ಎಷ್ಟೋ ಕ್ರೂಸ್ ಹೊರಡೋ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ, ಫೋನ್ ನೋಡಿ ಗೊಂದಲ ಮಾಡ್ಕೊಂಡವರನ್ನ ಕಣ್ಣಾರೆ ನೋಡಿದೀನಿ.

ಇನ್ನೊಂದು ಮಾತು, ಆ ಹಲಗೆ ಫುಟ್‌ಪಾತ್ ಅಲ್ಲಿನವರು ದಿನಾ ಓಡಾಡೋ ದಾರಿ, ಗುಂಪಾಗಿ ಅಡ್ಡ ನಿಂತು ಸೆಲ್ಫಿ ತೆಗೀಬೇಡಿ ಅಂತ ಒಂದು ಸಾಲು ದಯವಿಟ್ಟು ಸೇರಿಸಿ.

ಸಂಜೆ ವಾಪಸ್ ಬರೋವಾಗ ಹಡಗುಕಟ್ಟೆ ಪಕ್ಕದ ಬಂಡೆಗೋಡೆ ಎದುರು ಅಮ್ಮ ಮತ್ತೆ ನಿಂತ್ರು. ಹಿಂದೆ ಬಂದುಹೋದ ಹಡಗುಗಳ ಸಿಬ್ಬಂದಿ ತಮ್ಮ ಹಡಗಿನ ಹೆಸರು, ಇಸವಿ ಎಲ್ಲಾ ಪೇಂಟ್‌ನಲ್ಲಿ ಬರೆದಿಟ್ಟಿದಾರೆ, ಕೆಲವು ಮಾಸಿ ಹೋಗಿವೆ. ಟೈಮಿತ್ತು. ಒಂದೊಂದೇ ಓದಿ ಹೇಳ್ದೆ.

ಇಂತಿ ನಿಮ್ಮ ಓದುಗ