ಅತ್ತೆಯ ಇನ್ಸುಲಿನ್ ಸೂಜಿಗಳನ್ನು ಎಲ್ಲಿಗೆ ತಂದುಕೊಡಲಿ? ನಮ್ಮೂರ ಪೌರಾಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪೌರಾಯುಕ್ತರಿಗೆ ನಮಸ್ಕಾರ.

ನಮ್ಮ ಮನೆಯ ಫ್ರಿಜ್ಜಿನ ಮೇಲೆ ಒಂದು ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಇದೆ. ಅದರಲ್ಲಿರುವುದು ಬಳಸಿದ ಇನ್ಸುಲಿನ್ ಸೂಜಿಗಳು. ಅತ್ತೆಗೆ ದಿನಕ್ಕೆ ಎರಡು ಸಲ ಇಂಜೆಕ್ಷನ್ ಕೊಡಬೇಕು. ಕೊಟ್ಟ ಮೇಲೆ ಸೂಜಿಯನ್ನು ಆ ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸುತ್ತೇನೆ. ಡಬ್ಬಿ ತುಂಬಿದ ಮೇಲೆ ಯಾರಿಗೆ ಕೊಡಬೇಕು? ಅದನ್ನು ಕೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಈ ಡಬ್ಬಿ ಇರಲಿಲ್ಲ. ಸೂಜಿಗೆ ಕ್ಯಾಪ್ ಹಾಕಿ, ಪೇಪರಿನಲ್ಲಿ ಸುತ್ತಿ ಒಣ ಕಸದ ಚೀಲಕ್ಕೆ ಹಾಕುತ್ತಿದ್ದೆ. ಕ್ಯಾಪ್ ಇದೆಯಲ್ಲ, ಏನೂ ಆಗಲ್ಲ ಅಂದುಕೊಂಡಿದ್ದೆ. ಕಳೆದ ವರ್ಷ ಒಂದು ಬೆಳಿಗ್ಗೆ ಕಸದ ಗಾಡಿಯ ಜೊತೆ ಬರುವ ಅಕ್ಕನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಏನಾಯ್ತು ಅಂತ ಕೇಳಿದೆ. "ನಿನ್ನೆ ಚೀಲ ಒತ್ತುವಾಗ ಸೂಜಿ ಚುಚ್ಚಿತು ಕಣಮ್ಮಾ. ಯಾರ ಮನೇದೋ ಏನೋ. ಅರಿಶಿನ ಹಚ್ಚಿದೀನಿ, ಸರಿಹೋಗುತ್ತೆ ಬಿಡಿ" ಅಂದರು. ಅವರ ಕೈಗೆ ಗ್ಲೌಸ್ ಇತ್ತು. ತೆಳು ರಬ್ಬರಿನದು. ಸೂಜಿಯನ್ನು ಅದು ಹೇಗೆ ತಡೆಯುತ್ತದೆ? ಆ ಸೂಜಿ ನಮ್ಮ ಮನೆಯದೋ, ಬೇರೆ ಮನೆಯದೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತು ನನಗೆ ಊಟ ಸೇರಲಿಲ್ಲ.

ಅವರನ್ನು ಒಪ್ಪಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಬಿಡಿಸಿ ಹೇಳಿದರು. ಬಳಸಿದ ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ, ಮೂರರ ಭಯವೂ ಇದೆ. ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಬಂದ ಮೇಲೂ 7 ದಿನ ಬದುಕಿರಬಲ್ಲದು. ಗಾಯವನ್ನು ಕೂಡಲೇ ಸೋಪು ನೀರಿನಲ್ಲಿ ತೊಳೆಯಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕೆನಿಸಿದರೆ 72 ಗಂಟೆಯೊಳಗೆ ಶುರು ಮಾಡಬೇಕು, ಬೇಗ ಮಾಡಿದಷ್ಟೂ ಒಳ್ಳೆಯದು. ಹೆಪಟೈಟಿಸ್ ಬಿ ತಡೆಯಲು ಲಸಿಕೆಯೇ ಇದೆ. ಆ ಅಕ್ಕ ಅದರ ಒಂದು ಡೋಸನ್ನೂ ಪಡೆದಿರಲಿಲ್ಲ. ದೇವರ ದಯೆ, ಅವರ ರಕ್ತಪರೀಕ್ಷೆಯಲ್ಲಿ ಏನೂ ಬರಲಿಲ್ಲ. ಆದರೆ ಅದು ಖಾತ್ರಿಯಾಗುವ ತನಕ ತಿಂಗಳುಗಟ್ಟಲೆ ಅವರು ಎದೆ ಹಿಡಿದುಕೊಂಡೇ ಗಾಡಿ ಹತ್ತಿದರು.

ಅವತ್ತಿನಿಂದ ನಮ್ಮ ಮನೆಗೆ ಡಬ್ಬಿ ಬಂತು. ಮೊದಲ ಡಬ್ಬಿ ತುಂಬಿದಾಗ ಮೆಡಿಕಲ್ ಸ್ಟೋರಿಗೆ ತೆಗೆದುಕೊಂಡು ಹೋದೆ. ನಾವು ಮಾರೋದಷ್ಟೇ, ವಾಪಸ್ ತಗೊಳ್ಳಲ್ಲ ಅಂದರು. ಆಸ್ಪತ್ರೆಗೆ ಹೋದೆ. ಹೊರಗಿನದು ತಗೊಳ್ಳೋಕೆ ನಮಗೆ ಆದೇಶ ಇಲ್ಲ ಅಂದರು. ಅವರದ್ದು ತಪ್ಪು ಎನ್ನಲಾರೆ. ಆದರೆ ಅಲ್ಲಿ ನಿಂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನರ್ಸ್ ಮೇಜಿನ ಪಕ್ಕದಲ್ಲೇ ಸೂಜಿಗೆಂದು ಬಿಳಿ ಡಬ್ಬಿ ಇತ್ತು. ಚುಚ್ಚಿದರೂ ತೂತಾಗದ ಡಬ್ಬಿ. ಅದನ್ನು ಒಯ್ಯಲು ವೈದ್ಯಕೀಯ ತ್ಯಾಜ್ಯದ ವ್ಯಾನ್ ಬರುತ್ತದೆ. ಅತ್ತೆಗೆ ನರ್ಸ್ ಚುಚ್ಚಿದ ಸೂಜಿಗೆ ಬಿಳಿ ಡಬ್ಬಿ, ನಾನು ಚುಚ್ಚಿದ ಸೂಜಿಗೆ ಕಸದ ಗಾಡಿ. ಸೂಜಿ ಒಂದೇ ಅಲ್ವಾ ಸರ್?

ನಿಯಮಗಳಂತೂ 2016ರಲ್ಲೇ ಬಂದವು. ಆ ವರ್ಷದ ಘನತ್ಯಾಜ್ಯ ನಿಯಮಗಳು ಹಸಿ ಕಸ, ಒಣ ಕಸದ ಜೊತೆಗೆ ಮನೆಯ ಅಪಾಯಕಾರಿ ಕಸವನ್ನು ಮೂರನೆಯದಾಗಿ ಬೇರೆ ಮಾಡಲು ಹೇಳಿದವು. ಪೇಂಟ್ ಡಬ್ಬ, ಕೀಟನಾಶಕದ ಕ್ಯಾನ್, ಸಿಎಫ್‌ಎಲ್ ಬಲ್ಬು, ಟ್ಯೂಬ್‌ಲೈಟ್, ಅವಧಿ ಮೀರಿದ ಔಷಧಿ, ಒಡೆದ ಥರ್ಮಾಮೀಟರ್, ಬ್ಯಾಟರಿ, ಸೂಜಿ, ಸಿರಿಂಜು, ಎಲ್ಲದರ ಹೆಸರೂ ಅದರಲ್ಲಿತ್ತು. ಇವನ್ನು ತಂದುಕೊಡಲು 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ಇರಬೇಕು, ಅದು ಯಾವ ಹೊತ್ತಿಗೆ ತೆರೆದಿರುತ್ತದೆ ಎಂದು ಜನರಿಗೆ ತಿಳಿಸಬೇಕು ಎಂದೂ ಬರೆದಿತ್ತು. ಮನೆಗಳಲ್ಲಿ ಬರುವ ಸೂಜಿಯಂಥ ಕಸವನ್ನು ಆಸ್ಪತ್ರೆಗಳ ವೈದ್ಯಕೀಯ ತ್ಯಾಜ್ಯ ವಿಲೇವಾರಿ ಮಾಡುವ ಘಟಕಕ್ಕೆ ತಲುಪಿಸಲು ನಗರಸಭೆಗಳೇ ಒಪ್ಪಂದ ಮಾಡಿಕೊಳ್ಳಬೇಕು ಎಂದು ಅದೇ ವರ್ಷದ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳಿದವು. ನಮ್ಮ ಗಾಡಿಯಲ್ಲಿ ಇವತ್ತಿಗೂ ಇರುವುದು ಎರಡೇ ಭಾಗ.

ಸೂಜಿಯ ಮಾತನ್ನೇ ಜಾಸ್ತಿ ಆಡಿದೆ, ಯಾಕೆಂದರೆ ಅದು ನನ್ನ ಕೈಯಿಂದಲೇ ಹೋಗುತ್ತಿತ್ತು. ಉಳಿದವೂ ಕಡಿಮೆಯೇನಲ್ಲ. ಕೆಟ್ಟ ಟ್ಯೂಬ್‌ಲೈಟನ್ನು ಗಾಡಿಗೆ ಹಾಕಿದರೆ ಅದು ಅಲ್ಲೇ ಒಡೆಯುತ್ತದೆ. ಅದರೊಳಗಿನ ಪಾದರಸ ಆವಿಯಾಗಿ ಮೊದಲು ಹೋಗುವುದು ಗಾಡಿಯಲ್ಲಿ ನಿಂತವರ ಮೂಗಿಗೆ. ಟಾಯ್ಲೆಟ್ ಆಸಿಡ್ ಉಳಿದ ಬಾಟಲಿಯೂ ಬ್ಲೀಚಿಂಗ್ ಪೌಡರ್ ಪೊಟ್ಟಣವೂ ಒಂದೇ ಚೀಲದಲ್ಲಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಇನ್ನು ಆಸಿಡ್, ಥಿನ್ನರ್‌ಗಳನ್ನು ನೀರಿನ ಬಾಟಲಿಗೆ, ಜ್ಯೂಸ್ ಬಾಟಲಿಗೆ ಸುರಿದಿಡುವ ಅಭ್ಯಾಸ ನಮ್ಮ ಬೀದಿಯಲ್ಲೇ ಇದೆ. ಬಾಯಾರಿದ ಮಗು ಲೇಬಲ್ ಓದಿ ಕುಡಿಯುವುದಿಲ್ಲ. ಇದನ್ನು ನಾವು ಮನೆಯವರೇ ಬಿಡಬೇಕು, ನಗರಸಭೆ ಬಂದು ಬಿಡಿಸುವಂಥದ್ದಲ್ಲ. ಆದರೆ ಉಳಿದ ಆಸಿಡ್ ಕೊಡಲು ಒಂದು ಜಾಗ ಇದ್ದರೆ ಯಾರೂ ವರ್ಷಗಟ್ಟಲೆ ಕೂಡಿಡುವುದಿಲ್ಲ.

ಬೇರೆ ಊರುಗಳಲ್ಲಿ ಆಗಿದೆ. ಇಂದೋರಿನಲ್ಲಿ ಕಸವನ್ನು ಆರು ಬಗೆಯಾಗಿ ಬೇರೆ ಮಾಡಿ ತೆಗೆದುಕೊಳ್ಳುತ್ತಾರೆ, ಅದರಲ್ಲಿ ಅಪಾಯಕಾರಿ ಕಸಕ್ಕೇ ಒಂದು ಭಾಗ. ಪಕ್ಕದ ಕೇರಳ 2025ರಲ್ಲಿ ಕೋಝಿಕ್ಕೋಡಿನಿಂದ ಶುರುಮಾಡಿ, ಬಳಸದೆ ಉಳಿದ ಔಷಧಿಗಳನ್ನು ಜನರಿಂದ ವಾಪಸ್ ಪಡೆಯುವ ಯೋಜನೆ ತಂದಿದೆ. ನಮ್ಮದು ಇಂದೋರಿನಷ್ಟು ದೊಡ್ಡ ಊರಲ್ಲ. ಚಿಕ್ಕ ಊರಿಗೆ ಇದು ಇನ್ನೂ ಸುಲಭ ಎಂದೇ ನನಗನಿಸುತ್ತದೆ.

ಸರ್, ನಾನು ಕೇಳುವುದು ದೊಡ್ಡ ಕಟ್ಟಡವನ್ನಲ್ಲ. ಪ್ರತಿ ಗಾಡಿಯ ಹೊರಬದಿಗೆ ಮುಚ್ಚಳವಿರುವ ಒಂದು ಕೆಂಪು ಪೆಟ್ಟಿಗೆ ಕಟ್ಟಿಸಿ. ಊರಿನ 'ನಮ್ಮ ಕ್ಲಿನಿಕ್'ನಲ್ಲಿ ಮನೆಯ ಸೂಜಿಗಳಿಗೂ ಒಂದು ಬಿಳಿ ಡಬ್ಬಿ ಇಡಲು ಆರೋಗ್ಯ ಇಲಾಖೆಯ ಜೊತೆ ಮಾತಾಡಿ. ವ್ಯಾನ್ ಹೇಗೂ ಬರುತ್ತದೆ. ಟ್ಯೂಬ್‌ಲೈಟು, ಆಸಿಡ್, ಪೇಂಟ್ ಡಬ್ಬಗಳಿಗೆ ತಿಂಗಳಲ್ಲಿ ಒಂದು ಭಾನುವಾರ ವಾರ್ಡ್ ಕಚೇರಿ ಮುಂದೆ ಒಂದು ಗಾಡಿ ನಿಲ್ಲಿಸಿದರೂ ಸಾಕು, ನಾವೇ ತಂದುಕೊಡುತ್ತೇವೆ. ಮನೆಮನೆಗೆ ಹೋಗಿ ತಿಳಿಸುವ ಕೆಲಸಕ್ಕೆ ನಮ್ಮ ಬೀದಿಯ ಹೆಂಗಸರು ಸಿದ್ಧರಿದ್ದೇವೆ. ಇನ್ಸುಲಿನ್ ತೆಗೆದುಕೊಳ್ಳುವ ನಾಲ್ಕು ಮನೆಗಳಲ್ಲಿ ಆಗಲೇ ಡಬ್ಬಿ ಇಡಿಸಿದ್ದೇನೆ.

ಇನ್ನೊಂದು ಮಾತು. ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಪ್ರತಿ ವರ್ಷ ಅವರಿಗೆ ಸನ್ಮಾನ ಮಾಡಿ ಊಟ ಹಾಕಿಸುತ್ತೀರಿ, ಅದು ನಡೆಯಲಿ. ಈ ಸಲ ಆ ದಿನ ಬರುವ ಮೊದಲು ಗಾಡಿಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ, ಗುತ್ತಿಗೆಯವರನ್ನೂ ಸೇರಿಸಿ, ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿರಲಿ. ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ ಕೊಡುವುದರಿಂದ ಈಗಲೇ ಶುರುಮಾಡಬೇಕು. ದಪ್ಪ ಗ್ಲೌಸನ್ನೂ ಕೊಡಿಸಿ.

ನಮ್ಮ ಎರಡನೇ ಡಬ್ಬಿ ಈಗ ಮುಕ್ಕಾಲು ತುಂಬಿದೆ. ಮೊದಲನೆಯದು ಅಟ್ಟದ ಮೇಲಿದೆ. ಎಲ್ಲಿಗೆ, ಯಾವ ದಿನ ತರಬೇಕು ಎಂದು ತಿಳಿಸಿ, ನಾನೇ ತರುತ್ತೇನೆ.

ಇಂತಿ,
ನಿಮ್ಮ ಊರಿನ ಒಬ್ಬ ಗೃಹಿಣಿ