ಭಾನುವಾರದ ಮಾತು: ಮದ್ರಾಸಿನಲ್ಲಿ ಸಿಕ್ಕ ‘ಏಷ್ಯಾ’

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ ನಾವು ಮಾತಾಡುವುದು ‘67 ಏಷ್ಯಾ’ ಅನ್ನುವ ಕ್ಷುದ್ರಗ್ರಹದ ಬಗ್ಗೆ, ಅಂದರೆ ಸೂರ್ಯನನ್ನು ಸುತ್ತುವ ಒಂದು ಸಣ್ಣ ಕಲ್ಲಿನ ಕಾಯದ ಬಗ್ಗೆ. ಬರುವ ಮೊದಲು ಇಷ್ಟು ಓದಿಕೊಂಡಿರಿ.

1861ರ ಏಪ್ರಿಲ್ 17ರಂದು ಮದ್ರಾಸ್ ವೀಕ್ಷಣಾಲಯದಲ್ಲಿ ಖಗೋಳಶಾಸ್ತ್ರಜ್ಞ ನಾರ್ಮನ್ ಪಾಗ್ಸನ್ ಇದನ್ನು ಕಂಡುಹಿಡಿದರು. ಅವರು ಅಲ್ಲಿಗೆ ಬಂದು ಕೆಲವೇ ತಿಂಗಳಾಗಿತ್ತು. ಆಗ ಈ ಕೆಲಸಕ್ಕೆ ಕ್ಯಾಮೆರಾ ಬಂದಿರಲಿಲ್ಲ. ದೂರದರ್ಶಕಕ್ಕೆ ಕಣ್ಣಿಟ್ಟು, ಕಂಡ ಚುಕ್ಕಿಗಳನ್ನು ಒಂದೊಂದಾಗಿ ನಕ್ಷೆಯ ಜೊತೆ ತಾಳೆ ನೋಡಬೇಕು. ನಕ್ಷೆಯಲ್ಲಿ ಇಲ್ಲದ ಚುಕ್ಕಿ ಸಿಕ್ಕರೆ ಮಾರನೇ ರಾತ್ರಿ ಮತ್ತೆ ಅಲ್ಲೇ ಹುಡುಕಬೇಕು. ಚೂರು ಸರಿದಿದ್ದರೆ ಅದು ನಕ್ಷತ್ರ ಅಲ್ಲ! ಎಷ್ಟು ತಾಳ್ಮೆ ಬೇಕು ಅಲ್ವಾ? ನನಗಂತೂ ಇದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಏಷ್ಯಾ ಖಂಡದಿಂದ ಪತ್ತೆಯಾದ ಮೊದಲ ಕ್ಷುದ್ರಗ್ರಹ ಇದೇ. ಅದಕ್ಕೇ ಆ ಹೆಸರು. ಮಂಗಳ ಮತ್ತು ಗುರುವಿನ ನಡುವಿನ ಕ್ಷುದ್ರಗ್ರಹಗಳ ವಲಯದಲ್ಲಿದೆ. ಸೂರ್ಯನಿಂದ ಇದರ ಸರಾಸರಿ ದೂರ, ಭೂಮಿಗಿರುವ ದೂರದ ಸುಮಾರು 2.4 ಪಟ್ಟು. ಸೂರ್ಯನನ್ನು ಒಮ್ಮೆ ಸುತ್ತಲು ಸುಮಾರು 3.8 ವರ್ಷ.

ಒಂದು ವಿನಂತಿ. ‘ಭೂಮಿಗೆ ಬಡಿಯುತ್ತೆ’ ಅನ್ನುವ ಫಾರ್ವರ್ಡ್‌ಗಳನ್ನು ಸುಮ್ನೆ ಇಲ್ಲಿ ಹಾಕಬೇಡಿ. ಏಷ್ಯಾದ ದಾರಿ ಭೂಮಿಯ ಹತ್ತಿರ ಸುಳಿಯುವುದೇ ಇಲ್ಲ.

ಮಕ್ಕಳನ್ನೂ ಕರೆತನ್ನಿ. ನಕ್ಷೆ ಹಿಡಿದು ಚುಕ್ಕಿ ಹುಡುಕುವುದನ್ನು ಅವರ ಕೈಯಲ್ಲೇ ಮಾಡಿಸೋಣ.